ಖಾಲಿ ಇರಲಿಲ್ಲ ಆ ಕಾವಲು

ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತ ದೇಶದ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳು ನೆಲೆಯೂರಿವೆ. ಆದರೆ ಆ ನೆಲದಲ್ಲಿ ತಲೆತಲಾಂತರದಿಂದ ದನ, ಕುರಿ ಮೇಯಿಸಿಕೊಂಡು ಬಂದವರನ್ನು ಒಂದು ಮಾತು ಕೇಳಿದವರಿಲ್ಲ.

2023ರ ಏಪ್ರಿಲ್ 2, ಭಾನುವಾರ. ಬೆಳಿಗ್ಗೆ ಏಳು ಗಂಟೆ ದಾಟಿದ ಹೊತ್ತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ರೆಕ್ಕೆಯುಳ್ಳ ವಾಹನವೊಂದನ್ನು ತನ್ನ ಅಡಿಯಲ್ಲಿ ತೂಗುಹಾಕಿಕೊಂಡು ಚಳ್ಳಕೆರೆಯ ಬಯಲಿನಿಂದ ಮೇಲೆದ್ದಿತು. ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಅದನ್ನು ಕಳಚಿ ಬಿಟ್ಟಿತು. ಒಳಗೆ ಪೈಲಟ್ ಇಲ್ಲದ ಆ ವಾಹನ ತನ್ನ ದಾರಿಯನ್ನು ತಾನೇ ಲೆಕ್ಕ ಹಾಕಿಕೊಂಡು, ರನ್‌ವೇ ಮೇಲೆ ಸರಾಗವಾಗಿ ಬಂದಿಳಿಯಿತು. ಬಾಹ್ಯಾಕಾಶಕ್ಕೆ ಹೋಗಿ ಮರಳಿ ಬರುವ, ಮತ್ತೆ ಮತ್ತೆ ಬಳಸಬಹುದಾದ ವಾಹನವನ್ನು ಕಟ್ಟುವ ಹಾದಿಯಲ್ಲಿ ಇಸ್ರೋ ಇಟ್ಟ ಮಹತ್ವದ ಹೆಜ್ಜೆ ಅದು. 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಅದೇ ಪ್ರಯೋಗ ಅದೇ ರನ್‌ವೇ ಮೇಲೆ ಇನ್ನೂ ಕಠಿಣ ಪರಿಸ್ಥಿತಿಯಲ್ಲಿ ನಡೆದು ಗೆದ್ದಿತು.

ಶಾಲೆಗಳಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದ್ದು ಸಹಜವೇ. ಕನ್ನಡ ನಾಡಿನ ಮಣ್ಣಿನಲ್ಲಿ ನಡೆದ ಸಾಧನೆ ಎಂಬ ಹೆಮ್ಮೆ ಬೇರೆ. ಆದರೆ ಆ ಮಣ್ಣು ಯಾವುದು? ರನ್‌ವೇ ಬರುವ ಮುನ್ನ ಅಲ್ಲಿ ಏನಿತ್ತು? 'ಏನೂ ಇರಲಿಲ್ಲ, ಬರೀ ಪಾಳು ಬಯಲು' ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಆ ಉತ್ತರ ತಪ್ಪು. ಈ ಕಥೆಯ ಎಲ್ಲ ತೊಡಕೂ ಶುರುವಾಗುವುದು ಆ ತಪ್ಪು ಉತ್ತರದಿಂದಲೇ.

ಕಾಯ್ದಿಟ್ಟ ಹುಲ್ಲು

ಕುದಾಪುರ ಇರುವುದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ, ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ ಹೆಸರಾದ ನಾಯಕನಹಟ್ಟಿಯ ಸೀಮೆಯಲ್ಲಿ. ಪಕ್ಕದ್ದು ಮೊಳಕಾಲ್ಮುರು ತಾಲ್ಲೂಕು. ರೇಷ್ಮೆ ಸೀರೆಗೂ ಬ್ರಹ್ಮಗಿರಿಯ ಅಶೋಕನ ಶಾಸನಕ್ಕೂ ಪ್ರಸಿದ್ಧವಾದ ಊರು ಅದು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೂ ಒಂದು. ಬಿದ್ದ ಮಳೆಗೆ ಶೇಂಗಾ ಬಿತ್ತಿ, ಬಾರದ ಮಳೆಗೆ ಆಕಾಶ ನೋಡುವ ಸೀಮೆ. ಇಂಥಲ್ಲಿ ಹೊಲಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹವಾದದ್ದು ಹುಲ್ಲು. ಒಂದೆರಡು ಹದ ಮಳೆಗೇ ಚಿಗುರುವ ಕರಡ, ಹಂಚಿ, ಗರಿಕೆ. ನಡುನಡುವೆ ಕಾರೆ, ಕವಳಿ, ಜಾಲಿಯ ಕುರುಚಲು. ಪೇಟೆಯ ಕಣ್ಣಿಗೆ ಅದು ಬೆಂಗಾಡು. ದನಗಾಹಿಯ ಕಣ್ಣಿಗೆ ತುಂಬಿದ ಕಣಜ.

ಈ ಹುಲ್ಲುಗಾವಲಿಗೆ 'ಅಮೃತಮಹಲ್ ಕಾವಲು' ಎಂದು ಹೆಸರು. ಕಾವಲು ಎಂದರೆ ಕಾಯ್ದಿಟ್ಟ ಜಾಗ. ಯಾರೂ ಉಳುವಂತಿಲ್ಲ, ಮನೆ ಕಟ್ಟುವಂತಿಲ್ಲ ಎಂದು ರಾಜಾಜ್ಞೆಯಿಂದ ಮೀಸಲಿಟ್ಟ ನೆಲ. ಅದು ಬಯಲಾಗಿ ಉಳಿದದ್ದು ಯಾರಿಗೂ ಬೇಡವಾಗಿತ್ತೆಂದಲ್ಲ. ಬೇಕಾಗಿತ್ತೆಂದೇ ಹಾಗೆ ಉಳಿಸಿದ್ದು.

ಇದರ ಹಿಂದೆ ಕೆಲವು ಶತಮಾನಗಳ ಚರಿತ್ರೆಯಿದೆ. ವಿಜಯನಗರದ ಕಾಲದ ದನಗಳ ಹಿಂಡುಗಳು ಮುಂದೆ ಮೈಸೂರು ಒಡೆಯರ ವಶಕ್ಕೆ ಬಂದವು. ಚಿಕ್ಕದೇವರಾಜ ಒಡೆಯರು (1673-1704) ಅದನ್ನೊಂದು ಇಲಾಖೆಯನ್ನಾಗಿ ಮಾಡಿ 'ಬೆಣ್ಣೆ ಚಾವಡಿ' ಎಂದು ಕರೆದರು. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದು ಅದರ ಕೆಲಸ. ಹೈದರಾಲಿ ಈ ಹಿಂಡುಗಳನ್ನು ಸೈನ್ಯದ ಸಾಗಾಟಕ್ಕೆ ತಿರುಗಿಸಿದ. ಟಿಪ್ಪು ಸುಲ್ತಾನ್ ಬೆಣ್ಣೆ ಚಾವಡಿಯನ್ನು 'ಅಮೃತಮಹಲ್' ಎಂದು ಮರುನಾಮಕರಣ ಮಾಡಿ ಅದಕ್ಕೊಂದು ನಿಯಮಾವಳಿಯನ್ನೇ ಬರೆಸಿದ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಲಾಗಿತ್ತು. ಬೇಸಿಗೆಯಲ್ಲೂ ನೀರು, ನೆರಳು ಸಿಗುವ ಜಾಗಗಳು ಬೇಸಿಗೆ ಕಾವಲುಗಳು. ಹಿಂಡುಗಳು ಒಂದರಿಂದ ಒಂದಕ್ಕೆ ಸಾಗುವಷ್ಟರಲ್ಲಿ ಹಿಂದಿನ ಕಾವಲಿನ ಹುಲ್ಲು ಮತ್ತೆ ಚಿಗುರುತ್ತಿತ್ತು. ಇಂದಿನ ಪರಿಸರ ವಿಜ್ಞಾನದ ಪುಸ್ತಕಗಳು 'ಆವರ್ತನ ಮೇವು' ಎಂದು ಹೇಳಿಕೊಡುವ ಪದ್ಧತಿ ಇದೇ.

ಬೂದು ಬಣ್ಣದ ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು, ಅಂಕೆಗೆ ಸಿಗದ ಸ್ವಭಾವ, ದಣಿವರಿಯದ ಕಾಲು: ಅಮೃತಮಹಲ್ ತಳಿಯ ಲಕ್ಷಣಗಳಿವು. ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಹೋದದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರಿನ ಗ್ಯಾಸೆಟಿಯರ್ ದಾಖಲಿಸಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಕೈಹಾಕಿದ ಸಂಪತ್ತಿನಲ್ಲಿ ಈ ಹಿಂಡುಗಳೂ ಇದ್ದವು. 1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸುವ ನೆಪದಲ್ಲಿ ಹಿಂಡುಗಳನ್ನು ಮಾರಿಸಿಬಿಟ್ಟ. ಸೈನ್ಯಕ್ಕೆ ಒಳ್ಳೆಯ ಎತ್ತುಗಳೇ ಸಿಗದಂತಾಗಿ, ಕೆಲವೇ ವರ್ಷಗಳಲ್ಲಿ ಇಲಾಖೆಯನ್ನು ಮತ್ತೆ ತೆರೆಯಬೇಕಾಯಿತು. ಮುಂದೆ ಅದು ಮೈಸೂರು ಸರ್ಕಾರಕ್ಕೆ ಮರಳಿತು. ಇಂದು ಈ ತಳಿಯನ್ನು ಕಾಪಾಡುವ ಸರ್ಕಾರಿ ಸಂವರ್ಧನಾ ಕೇಂದ್ರ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಕಾವಲುಗಳು ಕರಗುತ್ತಾ ಬಂದವು. ಸ್ವಾತಂತ್ರ್ಯಾನಂತರ ಬೇಸಾಯಕ್ಕೆ, ನೀಲಗಿರಿ ನೆಡುತೋಪಿಗೆ, ಬಡಾವಣೆಗೆ, ಕಾರ್ಖಾನೆಗೆ ಹಂಚಿಹೋದವು. ಒತ್ತುವರಿಯೂ ತನ್ನ ಪಾಲು ಪಡೆಯಿತು. ಉಳಿದ ದೊಡ್ಡ ತುಂಡುಗಳಲ್ಲಿ ಚಳ್ಳಕೆರೆಯ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳು ಸೇರಿದ್ದವು.

ಹುಲ್ಲನ್ನು ನಂಬಿದ ಹಟ್ಟಿಗಳು

ಅರಮನೆಯ ಹಿಂಡು ಹೋದರೂ ಕಾವಲು ಬರಿದಾಗಲಿಲ್ಲ. ಸುತ್ತಲಿನ ಹಟ್ಟಿಗಳ ದನ, ಕುರಿ, ಮೇಕೆಗಳು ಅಲ್ಲಿ ಮೇಯುತ್ತಿದ್ದವು. ಈ ಸೀಮೆಯಲ್ಲಿ ಮುಖ್ಯವಾಗಿ ಮ್ಯಾಸಬೇಡರು, ಕಾಡುಗೊಲ್ಲರು, ಕುರುಬರು, ಲಂಬಾಣಿಗರು ಇದ್ದಾರೆ. ನಾಯಕ ಸಮುದಾಯದ ಒಂದು ಕವಲಾದ ಮ್ಯಾಸಬೇಡರು ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿರುವುದು ಈ ಜನರ ಸಂಖ್ಯೆಯಿಂದಲೇ. ತಮ್ಮನ್ನೂ ಆ ಪಟ್ಟಿಗೆ ಸೇರಿಸಬೇಕೆಂದು ಕಾಡುಗೊಲ್ಲರು ಬಹುಕಾಲದಿಂದ ಕೇಳುತ್ತಿದ್ದಾರೆ.

ಇವರ ಬದುಕಿನಲ್ಲಿ ದನ ಬರೀ ಆಸ್ತಿಯಲ್ಲ. ಮ್ಯಾಸಬೇಡರಲ್ಲಿ 'ದೇವರ ಎತ್ತು'ಗಳ ಹಿಂಡುಗಳಿವೆ. ಅವುಗಳನ್ನು ನೇಗಿಲಿಗೆ ಹೂಡುವುದಿಲ್ಲ, ಸಂತೆಯಲ್ಲಿ ಮಾರುವುದಿಲ್ಲ. ಅವು ದೇವರಿಗೆ ಸೇರಿದವು. ಅವುಗಳನ್ನು ಕಾಯಲೆಂದೇ ಕಿಲಾರಿಗಳಿದ್ದಾರೆ. ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪ ದನಕಾಯುವವನೇ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ, ಅಕ್ಷರ ಕಲಿಯದೆಯೂ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ಹಿರಿಯ ಜೀವ. ವಿದ್ವಾಂಸ ಕೃಷ್ಣಮೂರ್ತಿ ಹನೂರರು ಆಕೆಯನ್ನು ನಾಡಿಗೆ ಪರಿಚಯಿಸಿದರು. ಬಯಲು, ಹಿಂಡು, ಹಟ್ಟಿ ಇಲ್ಲದೆ ಆ ಹಾಡುಗಳಿಲ್ಲ.

ಇನ್ನು ಕುರಿಯ ಲೆಕ್ಕಕ್ಕೆ ಬರೋಣ. ದಖ್ಖನಿ ತಳಿಯ ಕಪ್ಪು ಕುರಿಯ ಒರಟು ಉಣ್ಣೆಯೇ ಚಳ್ಳಕೆರೆಯ ಕಂಬಳಿಯ ಮೂಲ. ಕುರಿಯ ಮೈಯಿಂದ ಉಣ್ಣೆ ಕತ್ತರಿಸಿ, ಹಿಂಜಿ, ನೂತು, ಹುಣಸೆಬೀಜದ ಗಂಜಿ ಹಚ್ಚಿ, ಗುಣಿಮಗ್ಗದಲ್ಲಿ ನೇಯುವವರೆಗೆ ಹಲವು ಕೈಗಳಿಗೆ ಕೆಲಸ. ನೂಲುವ ಕೈಗಳು ಹೆಚ್ಚಾಗಿ ಹೆಂಗಸರದು. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಮಂದೆ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಕುರಿಗಾಹಿಗೆ ಕಾಳು ಅಥವಾ ಕಾಸು. ಜೂನ್ ಬಂತೆಂದರೆ ಮಕ್ಕಳ ಶಾಲೆಯ ಶುಲ್ಕ, ಪುಸ್ತಕ, ಹಾಸ್ಟೆಲ್ ಖರ್ಚು. ಮನೆಯಲ್ಲಿ ಸಂಬಳ ತರುವವರಿಲ್ಲದಿದ್ದರೆ ಎರಡು ಟಗರು ಸಂತೆಗೆ ಹೋಗುತ್ತವೆ. ಕುರಿ ಎಂಬುದು ಹಟ್ಟಿಯ ಬ್ಯಾಂಕು. ಆ ಬ್ಯಾಂಕಿನ ಬಂಡವಾಳ ಇರುವುದು ಹುಲ್ಲಿನಲ್ಲಿ.

ಈ ಹುಲ್ಲಿಗೆ ಬೇರೆ ಒಕ್ಕಲುಗಳೂ ಇವೆ. ಕೃಷ್ಣಮೃಗ, ತೋಳ, ನರಿ, ಗೌಜಲಹಕ್ಕಿ ಬಯಲಿನ ಜೀವಿಗಳು. ಅಳಿವಿನಂಚಿಗೆ ಬಂದಿರುವ ಎರೆಭೂತ ಹಕ್ಕಿ ಒಂದು ಕಾಲಕ್ಕೆ ಬಯಲುಸೀಮೆಯ ಇಂಥ ಹುಲ್ಲುಗಾವಲುಗಳಲ್ಲೇ ಇತ್ತು. ಕರ್ನಾಟಕದಲ್ಲಿ ಈಗ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿರುವ ಸುದ್ದಿ. ಮರವಿದ್ದರೆ ಕಾಡು, ಇಲ್ಲದಿದ್ದರೆ ಪಾಳು ಎಂದು ಭಾವಿಸುವವರು ಈ ಜೀವಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹುಲ್ಲುಗಾವಲು ತನ್ನ ಇಂಗಾಲದ ಬಹುಪಾಲನ್ನು ಬೇರಿನಲ್ಲಿ, ಮಣ್ಣಿನಲ್ಲಿ ಅಡಗಿಸಿಡುತ್ತದೆ ಎಂಬುದೂ ಕಣ್ಣಿಗೆ ಕಾಣದ ಸತ್ಯ.

ಕಡತದಲ್ಲಿ ಕೈ ಬದಲಾದ ನೆಲ

2007ರಿಂದ 2010ರ ನಡುವೆ, ಈ ಕಾವಲುಗಳ ಹತ್ತಿರ ಹತ್ತು ಸಾವಿರ ಎಕರೆಯನ್ನು ಬೇರೆ ಬೇರೆ ಸಂಸ್ಥೆಗಳಿಗೆ ಕೊಡುವ ತೀರ್ಮಾನಗಳು, ಆದೇಶಗಳು ಒಂದೊಂದಾಗಿ ಹೊರಬಿದ್ದವು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ (ಡಿಆರ್‌ಡಿಒ) 4,290 ಎಕರೆ. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ. ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1,500 ಎಕರೆ. ಇಸ್ರೋಗೆ 573 ಎಕರೆ. ಇವುಗಳ ಜೊತೆ ಸೌರ ವಿದ್ಯುತ್ ತಯಾರಿಸುವ ಖಾಸಗಿ ಕಂಪನಿಯೊಂದಕ್ಕೆ 1,250 ಎಕರೆ. ಚಳ್ಳಕೆರೆಗೆ 'ವಿಜ್ಞಾನ ನಗರ' ಎಂಬ ಹೊಸ ಹೆಸರು ಬಂತು.

ಸಂಸ್ಥೆಗಳಿಗೆ ತಮ್ಮದೇ ಕಾರಣಗಳಿದ್ದವು. ಪೈಲಟ್ ಇಲ್ಲದ ವಿಮಾನಗಳ ಪರೀಕ್ಷೆಗೆ ಉದ್ದನೆಯ ರನ್‌ವೇ, ಸುತ್ತ ವಿರಳ ಜನವಸತಿ, ತಿಳಿಯಾದ ಆಕಾಶ ಬೇಕು. ಅದುವರೆಗೆ ಡಿಆರ್‌ಡಿಒ ಕೋಲಾರದ ವಾಯುನೆಲೆಯನ್ನು ನೆಚ್ಚಿಕೊಂಡಿತ್ತು. ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಿಂದ 2016ರ ನವೆಂಬರಿನಲ್ಲಿ ರುಸ್ತುಂ-2 ಮೊದಲ ಬಾರಿ ಹಾರಿತು. 2017ರ ಮೇ ತಿಂಗಳಲ್ಲಿ ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ವಲಯವನ್ನು ಉದ್ಘಾಟಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಕಥೆ ಇನ್ನೂ ಕುತೂಹಲಕರ. ಬೆಂಗಳೂರಿನಲ್ಲಿ ಅದು ತಲೆಯೆತ್ತಿದ್ದು 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ 371 ಎಕರೆ ಜಾಗದಲ್ಲಿ. ನೂರು ವರ್ಷ ತುಂಬಿದ ಹೊತ್ತಿನಲ್ಲಿ ಅದರ ಎರಡನೆಯ ಆವರಣಕ್ಕೆ ಸಿಕ್ಕಿದ್ದೂ ಮೈಸೂರಿನ ದೊರೆಗಳೇ ದನಗಳಿಗೆಂದು ಕಾಯ್ದಿಟ್ಟಿದ್ದ ನೆಲ. ಕುದಾಪುರದ ಆವರಣದಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಾಲಯ ತರಬೇತಿ ನೀಡುವ ಪ್ರತಿಭಾ ವಿಕಾಸ ಕೇಂದ್ರವಿದೆ. ಅಲ್ಲಿ ಕಲಿತ ಶಿಕ್ಷಕರಿಂದ ಪಾಠ ಕೇಳಿದ ಮಕ್ಕಳು ಇಂದು ಎಷ್ಟೋ ಊರುಗಳಲ್ಲಿದ್ದಾರೆ.

ಇಷ್ಟೆಲ್ಲ ನಡೆಯುವಾಗ ಹಟ್ಟಿಗಳಿಗೆ ಏನು ಗೊತ್ತಿತ್ತು? ಬಹುಪಾಲು ಜನರಿಗೆ ವಿಷಯ ತಿಳಿದದ್ದು ತಂತಿಬೇಲಿಯ ಕಂಬ ನೆಡುವಾಗ, ಕಾಂಪೌಂಡಿನ ಗೋಡೆ ಏಳುವಾಗ. ದಿನಾ ಬೆಳಿಗ್ಗೆ ಹಿಂಡು ಹೊಡೆದುಕೊಂಡು ಹೋಗುತ್ತಿದ್ದ ದಾರಿಗೆ ಒಂದು ದಿನ ಗೋಡೆ ಅಡ್ಡ ಬಂತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯಿದೆ. ಇಲ್ಲಿ ಬೇಲಿ ಎದ್ದು ಹುಲ್ಲುಗಾವಲನ್ನೇ ಮೇಯ್ದಿತು.

ಕೇಳುವ ಅಗತ್ಯವೇ ಬೀಳಲಿಲ್ಲ!

ವಿದ್ಯಾರ್ಥಿಗಳು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಒಬ್ಬ ರೈತನ ಅರ್ಧ ಎಕರೆಯನ್ನು ರಸ್ತೆಗೆಂದು ತೆಗೆದುಕೊಳ್ಳಲು ಸರ್ಕಾರ ನೋಟಿಸ್ ಕೊಡಬೇಕು, ಆಕ್ಷೇಪಣೆ ಕೇಳಬೇಕು, ಪರಿಹಾರ ಕೊಡಬೇಕು. ಭೂಸ್ವಾಧೀನ ಕಾಯ್ದೆ ಹಾಗೆ ಹೇಳುತ್ತದೆ. ಹಾಗಿದ್ದರೆ ಸಾವಿರಾರು ಎಕರೆ ಇಷ್ಟು ಸದ್ದಿಲ್ಲದೆ ಕೈ ಬದಲಾದದ್ದು ಹೇಗೆ?

ಉತ್ತರ ಸರಳ. ಕಾವಲು ಕಾಗದದಲ್ಲಿ ಸರ್ಕಾರದ್ದು. ತನ್ನದೇ ನೆಲವನ್ನು ಸರ್ಕಾರ 'ಸ್ವಾಧೀನ' ಮಾಡಿಕೊಳ್ಳಬೇಕಿಲ್ಲ. ಒಂದು ಇಲಾಖೆಯಿಂದ ಇನ್ನೊಂದು ಸಂಸ್ಥೆಗೆ ಆದೇಶದ ಮೂಲಕ ವರ್ಗಾಯಿಸಿದರೆ ಮುಗಿಯಿತು. ಭೂಮಾಲೀಕನಿಲ್ಲದ ಮೇಲೆ ನೋಟಿಸ್ ಯಾರಿಗೆ? ಪರಿಹಾರ ಯಾರಿಗೆ? ಮುನ್ನೂರು ವರ್ಷ ಮೇಯಿಸಿದರೂ ಮೇಯಿಸಿದವರ ಹೆಸರು ಪಹಣಿಯ ಯಾವ ಕಾಲಂನಲ್ಲೂ ಬರುವುದಿಲ್ಲ. ನೆಲದ ಮೇಲೆ ಒಡೆತನವಿದ್ದವನಿಗೆ ಕಾನೂನಿನ ರಕ್ಷಣೆ ಸಿಗುತ್ತದೆ. ನೆಲವನ್ನು ಹಂಚಿಕೊಂಡು ಬಳಸಿದವರಿಗೆ ಸಿಗುವುದಿಲ್ಲ.

ಆದಿವಾಸಿಗಳ ಗ್ರಾಮಸಭೆಗಳಿಗೆ ವಿಶೇಷ ಅಧಿಕಾರ ಕೊಡುವ 1996ರ ಕಾಯ್ದೆ (ಪೆಸಾ) ಇದೆಯಲ್ಲ ಎನ್ನಬಹುದು. ಅದು ಸಂವಿಧಾನದ ಐದನೆಯ ಅನುಸೂಚಿಯಲ್ಲಿ ಬರುವ ಪ್ರದೇಶಗಳಿಗೆ ಮಾತ್ರ ಅನ್ವಯ. ಕರ್ನಾಟಕದಲ್ಲಿ ಅಂಥ ಪ್ರದೇಶವೇ ಇಲ್ಲ. ಶಾಸನಸಭೆಯ ಸ್ಥಾನಕ್ಕೆ ಪರಿಶಿಷ್ಟ ಪಂಗಡದ ಮೀಸಲಾತಿಯಿದೆ. ಮೇವಿನ ನೆಲಕ್ಕೆ ಅಂಥ ರಕ್ಷಣೆಯಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಒಂದು ಬಾಗಿಲು ತೆರೆಯುತ್ತದೆ. ಅದರ ಮೂರನೆಯ ಸೆಕ್ಷನ್ನು ಮೇವಿನ ಹಕ್ಕನ್ನೂ ಅಲೆಮಾರಿ ಹಾಗೂ ಪಶುಪಾಲಕ ಸಮುದಾಯಗಳು ಋತುಮಾನಕ್ಕೆ ತಕ್ಕಂತೆ ನೆಲವನ್ನು ಬಳಸುವ ಹಕ್ಕನ್ನೂ ಹೆಸರಿಸಿ ಗುರುತಿಸಿದೆ. ಆದರೆ ಅದು ಅರಣ್ಯ ಭೂಮಿಗೆ ಸಂಬಂಧಿಸಿದ್ದು. ಕಾವಲು ಅರಣ್ಯವೋ, ಗೋಮಾಳವೋ, ಕಂದಾಯ ಭೂಮಿಯೋ ಎಂಬ ವಾದದಲ್ಲೇ ವರ್ಷಗಳು ಕಳೆಯುತ್ತವೆ. ಅಷ್ಟರಲ್ಲಿ ಗೋಡೆ ಎದ್ದಿರುತ್ತದೆ.

2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅವರ ನೆಲದಲ್ಲಿ ಯೋಜನೆ ತರುವ ಮುನ್ನ, ಒತ್ತಾಯವಿಲ್ಲದೆ, ಎಲ್ಲ ಮಾಹಿತಿ ಕೊಟ್ಟು ಒಪ್ಪಿಗೆ ಪಡೆಯಬೇಕು ಎಂಬುದು ಅದರ ತಿರುಳು. ಭಾರತವೂ ಪರವಾಗಿ ಮತ ಹಾಕಿತ್ತು. ಚಳ್ಳಕೆರೆಯ ಆದೇಶಗಳು ಹೊರಟದ್ದು ಸರಿಸುಮಾರು ಅದೇ ಕಾಲದಲ್ಲಿ. ಭಾರತೀಯರೆಲ್ಲರೂ ಮೂಲನಿವಾಸಿಗಳೇ ಎಂಬುದು ನಮ್ಮ ಸರ್ಕಾರದ ನಿಲುವು. ಎಲ್ಲರೂ ಮೂಲನಿವಾಸಿಗಳಾದರೆ ಯಾರನ್ನೂ ವಿಶೇಷವಾಗಿ ಕೇಳಬೇಕಾಗಿಲ್ಲ!

ನ್ಯಾಯದ ಬಾಗಿಲಲ್ಲಿ

ಹಳ್ಳಿಗರು ಸುಮ್ಮನೆ ಕೂರಲಿಲ್ಲ. ಸಭೆ ನಡೆಸಿದರು, ಮೆರವಣಿಗೆ ಹೊರಟರು, ಅರ್ಜಿ ಬರೆದರು. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪಂಜಾಬಿನ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಗ್ರಾಮಗಳ ಸಾಮೂಹಿಕ ಭೂಮಿಯನ್ನು ಕಾಪಾಡಬೇಕೆಂದು ಎಲ್ಲ ರಾಜ್ಯಗಳಿಗೂ ಸೂಚಿಸಿದ್ದು ಅವರಿಗೆ ಬಲ ತಂದಿತು. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಜೊತೆಗೂಡಿತು. ವಿಷಯ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಹೋಯಿತು. ಪೀಠ 2013ರಲ್ಲಿ ಸತ್ಯಶೋಧನಾ ಸಮಿತಿಯೊಂದನ್ನು ನೇಮಿಸಿ ಸ್ಥಳಕ್ಕೆ ಕಳಿಸಿತು.

2014ರ ಆಗಸ್ಟ್ 27ರಂದು ತೀರ್ಪು ಬಂತು. ಯೋಜನೆಗಳು ರದ್ದಾಗಲಿಲ್ಲ, ಅಗತ್ಯವಾದ ಪರಿಸರ ಅನುಮತಿಗಳನ್ನು ಪಡೆದು ಮುಂದುವರಿಯಬೇಕು ಎಂದು ಪೀಠ ಹೇಳಿತು. ಹೋರಾಟಗಾರರಿಗೆ ಅದು ಅರ್ಧ ಗೆಲುವೂ ಅಲ್ಲ. ಆದರೆ ಒಂದು ಲಾಭವಾಯಿತು. 'ಪಾಳು ಬಯಲು' ಎಂದು ಕಡತದಲ್ಲಿ ಒಂದು ಪದದಲ್ಲಿ ಮುಗಿದಿದ್ದ ನೆಲದಲ್ಲಿ ಹುಲ್ಲಿದೆ, ಹಿಂಡಿದೆ, ಹಕ್ಕಿಯಿದೆ, ಅದನ್ನು ನಂಬಿದ ಜನರಿದ್ದಾರೆ ಎಂಬುದು ನ್ಯಾಯಾಲಯದ ದಾಖಲೆಗೆ ಸೇರಿತು.

ಬೇರೆ ಕಡೆ ಏನಾಯಿತು?

ಇದು ಚಳ್ಳಕೆರೆಯೊಂದರ ಕಥೆಯಲ್ಲ. ಒಡಿಶಾದ ನಿಯಮಗಿರಿ ಬೆಟ್ಟಗಳಲ್ಲಿ ಬಾಕ್ಸೈಟ್ ಅದಿರು ತೆಗೆಯಲು ಹೊರಟಾಗ ಅಲ್ಲಿನ ಡೊಂಗ್ರಿಯಾ ಕೊಂದರು ಎದ್ದು ನಿಂತರು. ಆ ಬೆಟ್ಟ ಅವರಿಗೆ ದೇವರು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ತೀರ್ಮಾನವನ್ನು ಗ್ರಾಮಸಭೆಗಳೇ ಹೇಳಲಿ ಎಂದಿತು. ಹನ್ನೆರಡು ಗ್ರಾಮಸಭೆಗಳು ನಡೆದವು. ಹನ್ನೆರಡೂ ಬೇಡವೆಂದವು. ಗಣಿಗಾರಿಕೆ ನಿಂತಿತು. ಅರಣ್ಯ ಹಕ್ಕು ಕಾಯ್ದೆಯ ಬಲ ಎಷ್ಟೆಂಬುದನ್ನು ದೇಶ ಕಂಡದ್ದು ಆಗ.

ಇನ್ನೊಂದು ಉದಾಹರಣೆ ಬಹು ದೂರದ್ದು. ನಾರ್ವೆ ದೇಶದ ಕರಾವಳಿಯ ಫೋಸೆನ್ ಎಂಬ ಪರ್ಯಾಯ ದ್ವೀಪದಲ್ಲಿ ಸಾಮಿ ಎಂಬ ಮೂಲನಿವಾಸಿಗಳು ಹಿಮಸಾರಂಗಗಳನ್ನು ಮೇಯಿಸುತ್ತಾರೆ. ನಮ್ಮ ಕಾವಲುಗಳಂತೆ ಅವರಿಗೂ ಋತುವಿಗೊಂದು ಮೇವಿನ ನೆಲ. ಅವರ ಚಳಿಗಾಲದ ಮೇವಿನ ಜಾಗದಲ್ಲಿ ಸರ್ಕಾರದ ಪರವಾನಗಿ ಪಡೆದು 151 ಗಾಳಿಯಂತ್ರಗಳನ್ನು ನಿಲ್ಲಿಸಲಾಯಿತು. ಹೊಗೆಯಿಲ್ಲದ ಹಸಿರು ವಿದ್ಯುತ್, ಯಾರು ಬೇಡವೆಂದಾರು? ಆದರೆ 2021ರ ಅಕ್ಟೋಬರ್ 11ರಂದು ನಾರ್ವೆಯ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಹೇಳಿತು: ಸಾಮಿ ಜನರ ಸಂಸ್ಕೃತಿಯ ಹಕ್ಕಿಗೆ ಧಕ್ಕೆಯಾಗಿದೆ, ಪರವಾನಗಿ ಅಸಿಂಧು. ತೀರ್ಪು ಬಂದರೂ ಯಂತ್ರಗಳು ತಿರುಗುತ್ತಲೇ ಇದ್ದವು. 2023ರ ಫೆಬ್ರುವರಿಯಲ್ಲಿ ಸಾಮಿ ಯುವಕ ಯುವತಿಯರು ರಾಜಧಾನಿ ಓಸ್ಲೋದ ಸಚಿವಾಲಯದಲ್ಲಿ ಧರಣಿ ಕೂತರು. ಗ್ರೇಟಾ ಥುನ್‌ಬರ್ಗ್ ಅವರನ್ನು ಸೇರಿಕೊಂಡರು. ಕೊನೆಗೆ 2023ರ ಡಿಸೆಂಬರ್ ಮತ್ತು 2024ರ ಮಾರ್ಚ್ ತಿಂಗಳಲ್ಲಿ ಎರಡು ಒಪ್ಪಂದಗಳಾದವು. ಯಂತ್ರಗಳು ಉಳಿದವು, ಜೊತೆಗೆ ಸಾಮಿ ಜನರಿಗೆ ಪರಿಹಾರವೂ ಸಿಕ್ಕಿತು.

ಈ ಎರಡು ಕಥೆಗಳ ಕೊನೆ ಬೇರೆ ಬೇರೆ. ಒಂದು ಕಡೆ ಯೋಜನೆ ನಿಂತಿತು, ಇನ್ನೊಂದು ಕಡೆ ಉಳಿಯಿತು. ಆದರೆ ಎರಡರಲ್ಲೂ ನೆಲವನ್ನು ಬಳಸುವವರ ಮಾತಿಗೆ ಕಾನೂನಿನಲ್ಲಿ ಬೆಲೆ ಸಿಕ್ಕಿತು. ಚಳ್ಳಕೆರೆಯಲ್ಲಿ ಸಿಗದಿದ್ದದ್ದು ಅದೇ.

ವಿಜ್ಞಾನ ಬೇಡವೆಂದಲ್ಲ

ಈ ವಿವಾದವನ್ನು 'ವಿಜ್ಞಾನವೋ ಕುರಿಯೋ' ಎಂದು ಚಿತ್ರಿಸುವುದುಂಟು. ಹಾಗೆ ಕೇಳಿದರೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಯಾವ ತಂದೆತಾಯಿ ತಾನೇ ಮಗ ಕುರಿ ಕಾಯಲಿ, ವಿಜ್ಞಾನಿಯಾಗುವುದು ಬೇಡ ಎನ್ನುತ್ತಾರೆ? ಕುದಾಪುರದ ಹಟ್ಟಿಯ ತಾಯಿಯೂ ಹಾಗೆನ್ನುವುದಿಲ್ಲ. ದೇಶಕ್ಕೆ ಪರೀಕ್ಷಾ ವಲಯ ಬೇಕು, ಸಂಶೋಧನೆ ಬೇಕು. ಪ್ರಶ್ನೆ ಅದಲ್ಲ. ಹತ್ತು ಸಾವಿರ ಎಕರೆ ಬೇಕೇ, ಐದು ಸಾಕೇ? ಗೋಡೆಯ ನಡುವೆ ಹಿಂಡಿನ ದಾರಿ ಬಿಡಬಹುದಿತ್ತೇ? ಕಟ್ಟಡವಿಲ್ಲದ ಜಾಗದಲ್ಲಿ ಮಳೆಗಾಲದ ಮೇವಿಗೆ ಅವಕಾಶ ಕೊಟ್ಟರೆ ಯಾರಿಗೆ ನಷ್ಟ? ಸೌರ ಫಲಕಗಳಿಗೆ ಹುಲ್ಲುಗಾವಲೇ ಆಗಬೇಕಿತ್ತೇ? ಇವು ಮೊದಲೇ ಕೂತು ಮಾತಾಡಿ ಬಗೆಹರಿಸಬಹುದಾಗಿದ್ದ ಪ್ರಶ್ನೆಗಳು. ಗೋಡೆ ಎದ್ದ ಮೇಲೆ ಕೇಳಿದರೆ ಪ್ರತಿಯೊಂದೂ ಜಗಳವಾಗುತ್ತದೆ.

ಕರ್ನಾಟಕದಲ್ಲೇ ಬೇರೆ ದಾರಿಯ ಉದಾಹರಣೆಗಳಿವೆ. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಅದೇ ರೀತಿ ರಕ್ಷಣೆ ಪಡೆಯಿತು. ಹುಲ್ಲುಗಾವಲು ಪಾಳಲ್ಲ ಎಂದು ಸರ್ಕಾರವೇ ಒಪ್ಪಿಕೊಂಡ ನಿದರ್ಶನಗಳಿವು. ಪಶುಪಾಲಕರ ದೇಶವಾದ ಮಂಗೋಲಿಯದ ಒತ್ತಾಸೆಯಿಂದ ವಿಶ್ವಸಂಸ್ಥೆ 2026ನೇ ಇಸವಿಯನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ವರ್ಷವೆಂದು ಘೋಷಿಸಿದ್ದೂ ಇದೇ ಅರಿವಿನಿಂದ.

ಕುದಾಪುರದ ಗೋಡೆಗಳು ಇನ್ನು ಬೀಳುವುದಿಲ್ಲ. ಆದರೆ ಗೋಡೆಯ ಎರಡೂ ಕಡೆ ಮಾಡಬೇಕಾದ ಕೆಲಸವಿದೆ. ಯಾವ ಹುಲ್ಲು ಎಷ್ಟು ಮಳೆಗೆ ಚಿಗುರುತ್ತದೆ, ಯಾವ ಸೊಪ್ಪು ಯಾವ ರೋಗಕ್ಕೆ ಮದ್ದು, ಬರಗಾಲದಲ್ಲಿ ಹಿಂಡನ್ನು ಎತ್ತ ಹೊಡೆಯಬೇಕು ಎಂಬುದನ್ನು ತಲೆಮಾರುಗಳಿಂದ ನೋಡಿ ತಿಳಿದ ಕಿಲಾರಿಗಳು ಹೊರಗಿದ್ದಾರೆ. ಅಳೆದು ಬರೆದಿಡಬಲ್ಲ ವಿಜ್ಞಾನಿಗಳು ಒಳಗಿದ್ದಾರೆ. ಇಬ್ಬರೂ ಒಟ್ಟಿಗೆ ಕೂತರೆ ಒಣನಾಡಿನ ಹುಲ್ಲುಗಾವಲಿನ ಬಗ್ಗೆ ದೇಶದ ಬೇರೆಲ್ಲೂ ಸಿಗದ ಪಾಠಗಳು ಅಲ್ಲಿ ಸಿಗಬಹುದು. ಹಟ್ಟಿಗಳ ಮಕ್ಕಳು ಮುಂದೊಂದು ದಿನ ಆ ಗೇಟಿನೊಳಗೆ ವಿದ್ಯಾರ್ಥಿಗಳಾಗಿ ಹೋಗುತ್ತಾರೋ, ಕಾವಲುಗಾರರಾಗಿ ನಿಲ್ಲುತ್ತಾರೋ ಎಂಬುದರ ಮೇಲೆ 'ವಿಜ್ಞಾನ ನಗರ' ಎಂಬ ಹೆಸರಿನ ಅರ್ಥ ನಿಂತಿದೆ.

ನಿಮ್ಮ ಊರಿನ ಗೋಮಾಳ ಎಲ್ಲಿದೆ?

ಕಾವಲು ಅರಮನೆಯ ದನಗಳಿಗಾಗಿ ಇಟ್ಟದ್ದು. ಗೋಮಾಳ ಊರಿನ ದನಗಳಿಗಾಗಿ ಬಿಟ್ಟದ್ದು. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಉಚಿತ ಮೇವಿನ ಭೂಮಿ ಇರಬೇಕು. ವಿದ್ಯಾರ್ಥಿಗಳು ರಜೆಯಲ್ಲಿ ಮಾಡಬಹುದಾದ ಒಂದು ಚಟುವಟಿಕೆ ಇದು.

* ಊರಿನ ಗ್ರಾಮನಕ್ಷೆ ನೋಡಿ ಗೋಮಾಳ, ಕೆರೆ, ಹಳ್ಳ, ಬಂಡಿದಾರಿಗಳ ಸರ್ವೆ ನಂಬರುಗಳನ್ನು ಗುರುತು ಹಾಕಿಕೊಳ್ಳಿ.

* ಆ ಸರ್ವೆ ನಂಬರುಗಳ ಪಹಣಿ ತೆಗೆಸಿ. ಈಗ ಯಾರ ಹೆಸರಿನಲ್ಲಿದೆ, ಎಷ್ಟು ಎಕರೆ ಉಳಿದಿದೆ ನೋಡಿ.

* ಊರಿನ ಜಾನುವಾರುಗಳ ಸಂಖ್ಯೆಯನ್ನು ಪಶುವೈದ್ಯ ಆಸ್ಪತ್ರೆಯಲ್ಲಿ ವಿಚಾರಿಸಿ. ನಿಯಮದ ಲೆಕ್ಕಕ್ಕೂ ಇರುವ ಗೋಮಾಳಕ್ಕೂ ಎಷ್ಟು ಅಂತರವಿದೆ ಎಂದು ಕೂಡಿಸಿ ಕಳೆಯಿರಿ.

* ಊರಿನ ಹಿರಿಯರನ್ನು ಕೇಳಿ: ಅವರು ಚಿಕ್ಕವರಿದ್ದಾಗ ದನ ಎಲ್ಲಿ ಮೇಯುತ್ತಿದ್ದವು? ಈಗ ಅಲ್ಲಿ ಏನಿದೆ?

* ಮಾಹಿತಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಲು ಮನೆಯ ದೊಡ್ಡವರ ನೆರವು ಪಡೆಯಿರಿ. ಸಿಕ್ಕ ಲೆಕ್ಕವನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳಲು ಅವರನ್ನೇ ಕೇಳಿಕೊಳ್ಳಿ.